ಹಿಲೋದ ಮಳೆಯಲ್ಲಿ ಅಣಬೆ ಮಾದರಿಗಳನ್ನು ಒಣಗಿಸಿ ಕಾಪಾಡುವುದು ಹೇಗೆ?

ಮಂಡಗದ್ದೆಯವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಪತಿಯ ಕೆಲಸದ ನಿಮಿತ್ತ ಹವಾಯಿಯ ದೊಡ್ಡ ದ್ವೀಪಕ್ಕೆ ಬಂದು ಹಿಲೋದಲ್ಲಿ ಮನೆ ಮಾಡಿದ್ದೇವೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ಊರು. ಆಗುಂಬೆಯ ಮಳೆ ಕಂಡವರಿಗೆ ಅದೇನು ಮಹಾ ಎನಿಸಬಹುದು. ಆದರೆ ನಮ್ಮ ಮಳೆಗೆ ಒಂದು ಕಾಲವಿದೆ, ದೀಪಾವಳಿಯ ಹೊತ್ತಿಗೆ ಅಂಗಳ ಒಣಗುತ್ತದೆ. ಇಲ್ಲಿಯ ಮಳೆಗೆ ಪಂಚಾಂಗವಿಲ್ಲ. ಚಪ್ಪಲಿ, ಪುಸ್ತಕ, ಹುಣಸೆಹಣ್ಣು, ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ.

ಊರಿನಿಂದ ಜ್ವಾಲಾಮುಖಿಯ ಕಡೆಗೆ ಏರಿದರೆ ಓಹಿಅ ಮರಗಳ ಕಾಡು ಸಿಗುತ್ತದೆ. ಅದರಡಿಯಲ್ಲಿ ಹಾಪುಉ ಎಂಬ ಮರಜರಿಗಳು ಆಳೆತ್ತರ ಬೆಳೆದಿರುತ್ತವೆ. ಆ ಜರಿಗಳ ಬುಡದ ಪಾಚಿಯಲ್ಲಿ ಉಗುರಗಲದ, ಬೆಳಕು ಹಾಯುವಂಥ ಕಿತ್ತಳೆ ಬಣ್ಣದ ಅಣಬೆಗಳನ್ನು ನೋಡಿದೆ. ಮುಟ್ಟಿದರೆ ಲೋಳೆ. ಸ್ವಲ್ಪ ದೂರದಲ್ಲಿ ಅದೇ ಗಾತ್ರದ ಗುಲಾಬಿ ಬಣ್ಣದವು ಇದ್ದವು. ಊರೊಳಗಿನ ಹುಲ್ಲುಹಾಸಿನಲ್ಲಿ ಗೇಣಗಲದ ಬಿಳಿಯ ನಾಯಿಕೊಡೆಗಳು ಏಳುತ್ತವೆ. ಕಡಲ ದಂಡೆಯ ಗಾಳಿಮರಗಳ ಕೆಳಗೆ, ಒಡೆದರೆ ಕಂದು ಹುಡಿ ಹಾರುವ ಗಡ್ಡೆಗಳಿವೆ. ಅವನ್ನು ನೋಡಿದಾಗ ನಮ್ಮ ಕಡಲತೀರದ ನೆಡುತೋಪುಗಳೇ ನೆನಪಾದವು.

ಸುಮ್ಮನೆ ಫೋಟೊ ತೆಗೆದು ಬಿಡುವ ಬದಲು ಶಾಸ್ತ್ರೀಯವಾಗಿ ಸಂಗ್ರಹ ಮಾಡಬೇಕೆಂಬ ಆಸೆ ಹುಟ್ಟಿದೆ. ನನ್ನ ಕಾಲೇಜಿನ ವಸ್ತುಸಂಗ್ರಹದಲ್ಲಿ ಅಣಬೆಗಳು ಫಾರ್ಮಲಿನ್ ತುಂಬಿದ ಗಾಜಿನ ಜಾಡಿಗಳಲ್ಲಿದ್ದವು, ಎಲ್ಲವೂ ಮಾಸಲು ಬಿಳಿ. ಇಲ್ಲಿಯೂ ಹಾಗೆಯೇ ಇಡಬೇಕೇ, ಒಣಗಿಸಬೇಕೇ? ಬಿಸಿಲನ್ನು ನಂಬುವಂತಿಲ್ಲ. ಹಣ್ಣು ಒಣಗಿಸುವ ಚಿಕ್ಕ ವಿದ್ಯುತ್ ಯಂತ್ರ ಸಾಕಾಗುತ್ತದೆಯೇ? ಒಣಗಿದ್ದು ಮತ್ತೆ ತೇವ ಹೀರದಂತೆ ನೋಡಿಕೊಳ್ಳುವುದು ಹೇಗೆ? ಕಾಡಿನಿಂದ ತರಲು ಯಾರನ್ನು ಕೇಳಬೇಕು? ಕೊನೆಯದಾಗಿ, ಕರಾವಳಿಯಲ್ಲಿರುವ ನನ್ನ ಗುರುಗಳೊಬ್ಬರಿಗೆ ಕೆಲವನ್ನು ಅಂಚೆಯಲ್ಲಿ ಕಳುಹಿಸಬಹುದೇ?

ತಿಳಿದವರು ಹೇಳಿ. ತಿನ್ನುವ ಉದ್ದೇಶ ಖಂಡಿತ ಇಲ್ಲ.

---

ಹಳೆಯ ಪೊಟ್ಟಣ ಉತ್ತರಿಸಿದ್ದು:

ಮೇಡಂ, ಪ್ರಶ್ನೆ ಸರಿಯಾದ ಕ್ರಮದಲ್ಲಿಲ್ಲ. ಅನುಮತಿಯನ್ನು ಕೊನೆಗೆ ಕೇಳಿದ್ದೀರಿ, ನಾನು ಅಲ್ಲಿಂದಲೇ ಹಿಡಿಯುತ್ತೇನೆ.

ನಾನು ಫಿಜಿಯ ಸುವಾದಲ್ಲಿ ಕೆಲವು ವರ್ಷ ಪಾಠ ಮಾಡಿದವನು. ಅಲ್ಲಿ ನೆಲದ ಬಹುಪಾಲು ಮೂಲನಿವಾಸಿ ಕುಲಗಳ ಒಡೆತನದ್ದು. ಅಣಬೆ ಹುಡುಕುತ್ತ ಕಾಡಿಗೆ ಹೋಗುವ ಮೊದಲು ಊರಿನ ಮುಖ್ಯಸ್ಥನ ಮುಂದೆ ಕುಳಿತು ಯಂಗೋನ ಎಂಬ ಗಿಡದ ಬೇರಿನ ಕಟ್ಟು ಒಪ್ಪಿಸಬೇಕು. ಅದಕ್ಕೆ ಸೆವುಸೆವು ಎನ್ನುತ್ತಾರೆ. ಸರ್ಕಾರದ ಕಾಗದ ಜೇಬಿನಲ್ಲಿದ್ದರೂ ಸೆವುಸೆವು ಆಗದೆ ಹೆಜ್ಜೆ ಇಡುವಂತಿಲ್ಲ. ನಿಮ್ಮ ಹವಾಯಿಯಲ್ಲಿ ಕಾಗದವೇ ಮುಖ್ಯ. ರಾಷ್ಟ್ರೀಯ ಉದ್ಯಾನದೊಳಗೆ ಸಂಶೋಧನೆಗಾಗಿ ಸಂಗ್ರಹಿಸಲು ಉದ್ಯಾನದವರ ಅನುಮತಿಪತ್ರ ಬೇಕು. ರಾಜ್ಯದ ಮೀಸಲು ಅರಣ್ಯವಾದರೆ ಅರಣ್ಯ ಮತ್ತು ವನ್ಯಜೀವಿ ವಿಭಾಗದ್ದು. ಖಾಸಗಿ ಜಾಗವಾದರೆ ಮಾಲೀಕರದ್ದು, ಅದನ್ನೂ ಬರಹದಲ್ಲಿಯೇ ಪಡೆಯಿರಿ. ಅನುಮತಿಯ ಸಂಖ್ಯೆ ಚೀಟಿಯ ಮೇಲೆ ಇರದ ಮಾದರಿಯನ್ನು ಒಳ್ಳೆಯ ಹರ್ಬೇರಿಯಂಗಳು, ಅಂದರೆ ಒಣ ಮಾದರಿಗಳ ಸಂಗ್ರಹಾಲಯಗಳು, ಇಂದು ತೆಗೆದುಕೊಳ್ಳಲು ಹಿಂಜರಿಯುತ್ತವೆ. ಕಾಗದ ಬರುವವರೆಗೆ ನಿಮ್ಮ ಮನೆಯ ಹಿತ್ತಿಲಿನಲ್ಲಿ ಅಭ್ಯಾಸ ಮಾಡಿ. ಹಿಲೋದ ಹಿತ್ತಿಲೇನೂ ಬಡವಲ್ಲ.

ಕಾಡಿಗೆ ಕಾಲಿಡುವ ಮೊದಲು ಇನ್ನೊಂದು ಕೆಲಸವಿದೆ. ಓಹಿಅ ಮರಗಳು ನೋಡುನೋಡುತ್ತ ಒಣಗಿ ಸಾಯುವ ರೋಗ ನಿಮ್ಮ ದ್ವೀಪದಲ್ಲಿದೆ. ಅದಕ್ಕೆ ಕಾರಣವೂ ಶಿಲೀಂಧ್ರವೇ. ಸೆರಟೊಸಿಸ್ಟಿಸ್ ಕುಲದ ಎರಡು ಪ್ರಭೇದಗಳಿಗೆ 2018ರಲ್ಲಿ ಲುಕುಓಹಿಯ, ಹುಲಿಓಹಿಯ ಎಂದು ಹೆಸರಿಟ್ಟರು. ಅದು ಬೂಟಿನ ಮಣ್ಣಿನಲ್ಲಿ, ಚಾಕುವಿನ ಅಲಗಿನಲ್ಲಿ ಊರೂರು ತಿರುಗುತ್ತದೆ. ಕಾಡಿಗೆ ಹೋಗುವ ಮುನ್ನ, ಹೊರಬಂದ ಮೇಲೆ, ಎರಡು ಸಲವೂ ಬೂಟಿನ ಅಡಿಯನ್ನು ಬ್ರಷ್‌ನಿಂದ ಉಜ್ಜಿ ಶೇಕಡಾ 70ರ ಆಲ್ಕೋಹಾಲ್ ಸಿಂಪಡಿಸಿ. ಚಾಕುವಿಗೂ ಅಷ್ಟೇ. ಅಣಬೆಯ ಮೇಲಿನ ಪ್ರೀತಿಯಿಂದ ಹೋಗಿ ಕಾಡಿಗೇ ರೋಗ ಹಂಚಿ ಬಂದರೆ ಆ ಸಂಗ್ರಹ ಯಾರಿಗೆ ಬೇಕು?

ಇನ್ನು ಮುಖ್ಯ ವಿಷಯ. ಎಲ್ಲರೂ ಯಂತ್ರ ಯಾವುದು, ಶಾಖ ಎಷ್ಟು ಎಂದು ಕೇಳುತ್ತಾರೆ. ಯಂತ್ರದೊಳಗೆ ಹೋಗುವ ಮೊದಲಿನ ಒಂದೆರಡು ಗಂಟೆ ಏನು ಮಾಡಬೇಕೆಂದು ಯಾರೂ ಕೇಳುವುದಿಲ್ಲ. ಒಣಗಿದ ಅಣಬೆ ಅರ್ಧ ಮಾದರಿ ಮಾತ್ರ. ಉಳಿದರ್ಧ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿರಬೇಕು. ಅಲ್ಲಿಯೂ ಇಲ್ಲದಿದ್ದರೆ ಅದು ಲೋಕದಲ್ಲಿ ಎಲ್ಲಿಯೂ ಇಲ್ಲ.

ನೀವು ನೋಡಿದ ಕಿತ್ತಳೆ ಬಣ್ಣದ್ದು ಹೈಗ್ರೊಸೈಬೆ ಲಮಲಮ ಇರಬಹುದು, ಗುಲಾಬಿಯದು ಹೈಗ್ರೊಸೈಬೆ ನೋಎಲೋಕೆಲಾನಿ. ಎರಡೂ ಆ ದ್ವೀಪಗಳ ಸ್ವಂತ ಅಣಬೆಗಳು. ಹಿಲೋ ವಿಶ್ವವಿದ್ಯಾಲಯದಲ್ಲಿದ್ದ ಡಾನ್ ಹೆಮ್ಮೆಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಡೆನಿಸ್ ಡೆಸ್‌ಜಾರ್ಡಿನ್ 1997ರಲ್ಲಿ ಅವುಗಳನ್ನು ವಿವರಿಸಿದರು. ಈ ಜಾತಿಯ ಮೈತುಂಬ ನೀರು. ಒಣಗಿದ ಮೇಲೆ ಲೋಳೆ ಇರುವುದಿಲ್ಲ, ಹೊಳಪು ಇರುವುದಿಲ್ಲ, ಬಣ್ಣ ಮಾಸಿ ಗುರುತು ಸಿಗದ ಸಣ್ಣ ಚೂರುಗಳಾಗುತ್ತವೆ. ಕಿತ್ತಳೆ ಯಾವುದು, ಗುಲಾಬಿ ಯಾವುದು ಎಂದು ಹೇಳುವುದು ನಿಮ್ಮ ಬರಹ ಮಾತ್ರ.

ಆದ್ದರಿಂದ ಕೀಳುವ ಮೊದಲು, ಇದ್ದಲ್ಲಿಯೇ ಚಿತ್ರ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ಸಾಧ್ಯವಾದರೆ ಬೂದುಬಣ್ಣದ ಕಾರ್ಡೂ ಇರಲಿ. ಹಸಿರು ಕಾಡಿನಲ್ಲಿ ಕ್ಯಾಮೆರಾ ಬಣ್ಣದ ವಿಷಯದಲ್ಲಿ ಧಾರಾಳವಾಗಿ ಸುಳ್ಳು ಹೇಳುತ್ತದೆ. ಆಮೇಲೆ ಬೆರಳಿನಿಂದ ಎಳೆಯದೆ, ಚಾಕುವನ್ನು ಬುಡಕ್ಕೆ ಇಳಿಸಿ ಮಣ್ಣುಸಮೇತ ಎತ್ತಿ. ಕಾಂಡದ ತುದಿಯಲ್ಲಿ ಚೀಲದಂಥ ಪೊರೆ ಇದೆಯೇ, ಬೇರಿನಂತೆ ಇಳಿದಿದೆಯೇ ಎಂಬುದೇ ಎಷ್ಟೋ ಸಲ ಕುಲವನ್ನು ನಿರ್ಧರಿಸುತ್ತದೆ. ಮೊಗ್ಗಿನಿಂದ ಮುಪ್ಪಿನವರೆಗೆ ಎಲ್ಲ ಪ್ರಾಯದವೂ ಬೇಕು. ಆದರೆ ಒಂದು ಸಂಖ್ಯೆಯಡಿ ಒಂದೇ ಜಾಗದ, ಒಂದೇ ಹೊತ್ತಿನ, ಒಂದೇ ಬಗೆಯ ಅಣಬೆ ಇರಲಿ. ಎರಡು ಮಾರಿನಾಚೆ ಅದರಂತೆಯೇ ಕಂಡದ್ದಕ್ಕೆ ಬೇರೆ ಸಂಖ್ಯೆ ಕೊಡಿ.

ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ, ಮನೆ ಸೇರುವುದರೊಳಗೆ ಬೆವರಿ ಕೊಳೆಯುತ್ತದೆ. ಮೇಣದ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಎರಡೂ ತುದಿ ತಿರುಚಿ, ಸಂಖ್ಯೆಯ ಚೀಟಿಯನ್ನು ಒಳಗೆ ಇಡಿ. ಚಿಕ್ಕವಕ್ಕೆ ಮೀನುಗಾರರು ಗಾಳ ಇಡುವ ಖಾನೆಗಳ ಪೆಟ್ಟಿಗೆ ಬಹಳ ಒಳ್ಳೆಯದು, ಒಂದು ಖಾನೆಗೆ ಒಂದು, ಜೊತೆಗೆ ಒಂದೆಸಳು ಪಾಚಿ.

ಮನೆಗೆ ಬಂದ ಮೇಲೆ ಊಟಕ್ಕೂ ಮೊದಲು ಬರೆಯಿರಿ. ಟೋಪಿಯ ಅಗಲ, ಕಾಂಡದ ಉದ್ದ, ಟೋಪಿಯಡಿಯ ತೆಳು ಪದರಗಳಾದ ಕಿವಿರುಗಳು ಕಾಂಡಕ್ಕೆ ತಾಗುತ್ತವೆಯೇ ಇಲ್ಲವೇ, ಕತ್ತರಿಸಿದಾಗ ಬಣ್ಣ ತಿರುಗುತ್ತದೆಯೇ, ಎಷ್ಟು ಹೊತ್ತಿನಲ್ಲಿ, ವಾಸನೆ ಹೇಗಿದೆ. ಬರೀ ‘ಕೆಂಪು’ ಎಂದು ಬರೆಯಬೇಡಿ. ಬಣ್ಣದಂಗಡಿಯಲ್ಲಿ ಉಚಿತವಾಗಿ ಸಿಗುವ ಪಟ್ಟಿಯನ್ನಾದರೂ ಪಕ್ಕದಲ್ಲಿಟ್ಟು ಅದರ ಸಂಖ್ಯೆ ಬರೆಯಿರಿ. 1965ರಲ್ಲಿ ಸೊಲೊಮನ್ ದ್ವೀಪಗಳಿಗೆ ಬ್ರಿಟನ್ನಿನ ರಾಯಲ್ ಸೊಸೈಟಿಯ ತಂಡವನ್ನು ಕರೆದೊಯ್ದ ಸಸ್ಯಶಾಸ್ತ್ರಜ್ಞ ಕಾರ್ನರ್ ಅವರಂಥವರು ಬಣ್ಣ, ಕುಂಚ ಹಿಡಿದು ಕುಳಿತು ತಾಜಾ ಅಣಬೆಯನ್ನು ಚಿತ್ರಿಸುತ್ತಿದ್ದವರು. ಅವರ ಒಣ ಪೊಟ್ಟಣಗಳಿಗೆ ಬೆಲೆ ಬಂದದ್ದೇ ಜೊತೆಗಿದ್ದ ಟಿಪ್ಪಣಿಗಳಿಂದ.

ಹುಲ್ಲುಹಾಸಿನ ಬಿಳಿ ಕೊಡೆಯನ್ನು ಮೊದಲ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಬಲಿತ ಒಂದು ಟೋಪಿಯನ್ನು ಕಾಂಡದಿಂದ ಬೇರ್ಪಡಿಸಿ, ಕಿವಿರು ಕೆಳಗಾಗಿ ಬಿಳಿಯ ಕಾಗದದ ಮೇಲೆ ಇಡಿ. ಮೇಲೆ ಒಂದು ಬಟ್ಟಲು ಕವುಚಿ, ಮಲಗಿ. ಬೆಳಿಗ್ಗೆ ಎತ್ತಿ ನೋಡಿದರೆ ಕಾಗದದ ಮೇಲೆ ಕಿವಿರಿನ ಗೆರೆಗಳು ಒಂದೊಂದೂ ಅಚ್ಚಾಗಿರುತ್ತವೆ, ಮಾಸಲು ಹಸಿರು ಬಣ್ಣದಲ್ಲಿ. ಬಿಳಿ ಟೋಪಿ, ಎಳೆಯದಾಗಿದ್ದಾಗ ಬಿಳಿಯ ಕಿವಿರು, ಆದರೂ ಬೀಜಕಣ ಹಸಿರು: ಅದು ಕ್ಲೋರೊಫಿಲಮ್ ಮಾಲಿಬ್ಡೈಟಿಸ್. ತಿಂದವರಿಗೆ ವಾಂತಿಭೇದಿ ಗ್ಯಾರಂಟಿ. ಬೆಂಗಳೂರಿನ ಉದ್ಯಾನಗಳಲ್ಲಿಯೂ ಏಳುತ್ತದೆ. ಆ ಅಚ್ಚಿನ ಕಾಗದವನ್ನು ಮಡಿಸಿ ಅದೇ ಪೊಟ್ಟಣದಲ್ಲಿ ಇಡಿ, ಎಸೆಯಬೇಡಿ.

ಈಗ ಯಂತ್ರ. ನೀವು ಹೇಳಿದ ಹಣ್ಣು ಒಣಗಿಸುವ ಯಂತ್ರ ಧಾರಾಳವಾಗಿ ಸಾಕು, ಫ್ಯಾನ್ ಇರಬೇಕು ಅಷ್ಟೇ. ಶಾಖ 40ರಿಂದ 45 ಡಿಗ್ರಿ ಸೆಲ್ಸಿಯಸ್. ಬೇಗ ಆಗಲೆಂದು 60ಕ್ಕೆ ತಿರುಗಿಸಿದರೆ ಅಣಬೆ ಒಣಗುವ ಬದಲು ಬೇಯುತ್ತದೆ. ಹೊರಮೈ ಗಟ್ಟಿಯಾಗಿ ಒಳಗೆ ನೀರು ಉಳಿಯುತ್ತದೆ. ಮುಂದೆ ಸೂಕ್ಷ್ಮದರ್ಶಕಕ್ಕಾಗಿ ಚೂರನ್ನು ನೆನೆಸಿದಾಗ ಜೀವಕೋಶಗಳು ಮತ್ತೆ ಅರಳುವುದಿಲ್ಲ. ದಪ್ಪನೆಯವನ್ನು ಉದ್ದುದ್ದವಾಗಿ ಸೀಳಿ. ಮರದ ಮೇಲಿನ ಗಟ್ಟಿ ಅಣಬೆಗಳನ್ನು ತೆಳುವಾಗಿ ಕತ್ತರಿಸಿ, ಅವುಗಳೊಳಗೆ ಸಂಸಾರ ಹೂಡಿದ ದುಂಬಿಗಳಿರುತ್ತವೆ. ರಾತ್ರಿಯಿಡೀ ಓಡಲಿ. ಹವಾಯಿಯ ವಿದ್ಯುತ್ ಬಿಲ್ಲಿನ ಖ್ಯಾತಿ ನನಗೂ ಗೊತ್ತಿದೆ, ಆದರೂ ಮಧ್ಯರಾತ್ರಿಯಲ್ಲಿ ಆರಿಸಬೇಡಿ. ಹಪ್ಪಳದಂತೆ ಚಟ್ಟನೆ ಮುರಿಯಬೇಕು; ಬಾಗಿದರೆ ಇನ್ನೂ ಆಗಿಲ್ಲ.

ಹಿಲೋದಂಥ ಊರಿನಲ್ಲಿ ಮುಂದಿನ ಕೆಲವು ನಿಮಿಷಗಳಲ್ಲಿ ಎಲ್ಲವೂ ಕೆಡಬಹುದು. ಒಣಗಿದ ಅಣಬೆಯನ್ನು ತಟ್ಟೆಯಲ್ಲಿ ಬಿಟ್ಟು ಕಾಫಿ ಕುಡಿದು ಬಂದರೆ ಅದು ಗಾಳಿಯ ತೇವ ಹೀರಿ ಮೆತ್ತಗಾಗಿರುತ್ತದೆ. ಯಂತ್ರದಿಂದ ತೆಗೆದ ಬಿಸಿಯಲ್ಲಿಯೇ, ಒತ್ತಿದರೆ ಮುಚ್ಚಿಕೊಳ್ಳುವ ಚೀಲಕ್ಕೆ ಚೀಟಿಸಮೇತ ಹಾಕಿ ಮುಚ್ಚಿ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಒಂದು ಚಿಕ್ಕ ಪೊಟ್ಟಣ ಇಡಿ. ಆಮೇಲೆ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದೆರಡು ವಾರ ಇಡಿ, ಕೀಟದ ಮೊಟ್ಟೆಗಳು ಸಾಯುತ್ತವೆ. ಹೊರಗೆ ತೆಗೆದಾಗ ಚೀಲ ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಕೂಡದು. ಬಿಚ್ಚಿದರೆ ತಣ್ಣನೆಯ ಅಣಬೆಯ ಮೇಲೆ ನೀರು ಕೂಡುತ್ತದೆ, ಪಟ್ಟ ಶ್ರಮವೆಲ್ಲ ಬೂಷ್ಟಿನ ಪಾಲು.

ಕೀಟದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಸಂಸ್ಥೆಯಲ್ಲಿ, ಹೆಸರು ಬೇಡ, ಹಳೆಯ ಕಪಾಟಿನ ಪೊಟ್ಟಣಗಳನ್ನು ಬಿಚ್ಚುವ ಕೆಲಸ ನನಗೆ ಬಂದಿತ್ತು. ಹೊರಗೆ ಅಂದವಾದ ಕೈಬರಹ, ಊರು, ದಿನಾಂಕ, ಮರದ ಹೆಸರು, ಎಲ್ಲವೂ ಇವೆ. ಬಿಚ್ಚಿದರೆ ಕಾಫಿಪುಡಿಯ ಬಣ್ಣದ ಹುಡಿ, ಅದರ ನಡುವೆ ಕೆಂಗಂದು ಬಣ್ಣದ ಪುಟ್ಟ ದುಂಬಿಯ ಸತ್ತ ಮೈಗಳು. ಅಡುಗೆಮನೆಯ ಧನಿಯಾಕ್ಕೆ ಬೀಳುವ ಸ್ಟೆಗೋಬಿಯಂ, ಹೊಗೆಸೊಪ್ಪಿಗೆ ಬೀಳುವ ಲಾಸಿಯೋಡರ್ಮ, ಇವೆರಡಕ್ಕೂ ಒಣ ಅಣಬೆ ಬಹಳ ಇಷ್ಟ.

---

ಜೆಲ್ ಪಟ್ಟಿ ಉತ್ತರಿಸಿದ್ದು:

ಮೇಲಿನವರು ಹೇಳಿದ್ದರ ಮೇಲೆ ಒಂದು ಸಣ್ಣ ಮಾತು, ಪ್ರಯೋಗಾಲಯದ ಕಡೆಯಿಂದ.

ಯಂತ್ರಕ್ಕೆ ಹಾಕುವ ಮೊದಲು ಅಕ್ಕಿಕಾಳಿನಷ್ಟು ಚೂರನ್ನು ಡಿಎನ್ಎಗಾಗಿ ಬೇರೆ ತೆಗೆದಿಡಿ. ಹೊರಮೈಯಿಂದ ಬೇಡ, ಅಲ್ಲಿ ಬೇರೆ ಬೂಷ್ಟುಗಳ ಬೀಜಕಣ, ಮಣ್ಣು, ಹುಳದ ಹಿಕ್ಕೆ, ಎಲ್ಲ ಇರುತ್ತವೆ. ಟೋಪಿಯನ್ನು ಸೀಳಿ, ಕಿವಿರಿನ ಮೇಲಿನ ಒಳತಿರುಳಿನಿಂದ, ಆಲ್ಕೋಹಾಲಿನಲ್ಲಿ ಒರೆಸಿದ ಚಿಮುಟದಿಂದ ತೆಗೆಯಿರಿ. ಚಿಕ್ಕ ಮುಚ್ಚಳದ ಕೊಳವೆಯಲ್ಲಿ ಸಿಲಿಕಾ ಜೆಲ್ ಹರಳುಗಳ ನಡುವೆ ಹೂತಿಟ್ಟರೆ ಗಂಟೆಗಳಲ್ಲಿ ಒಣಗುತ್ತದೆ. ಹರಳು ಒಣಗಿದ್ದಾಗ ಕಿತ್ತಳೆಯಾಗಿದ್ದು ತೇವ ಹೀರಿದಾಗ ಬಣ್ಣ ಬದಲಿಸುವ ಬಗೆಯದ್ದಿರಲಿ. ಹಳೆಯ ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಆರೋಗ್ಯಕ್ಕೆ ಒಳ್ಳೆಯದಲ್ಲ. ಇಡೀ ಅಣಬೆಯನ್ನು ಸಿಲಿಕಾದಲ್ಲಿ ಒಣಗಿಸುವ ಯೋಚನೆ ಬಿಡಿ. ಮರಸ್ಮಿಯಸ್, ಮೈಸೀನಾದಂಥ ಕಡ್ಡಿಕಾಲಿನ ಪುಟಾಣಿಗಳಿಗೆ ನಡೆಯುತ್ತದೆ, ಹೈಗ್ರೊಸೈಬೆಯ ನೀರಿಗೆ ಕಿಲೋಗಟ್ಟಲೆ ಹರಳು ಬೇಕಾದೀತು.

ಆ ಚೂರಿನಿಂದ ಐಟಿಎಸ್ ಎಂಬ ಡಿಎನ್ಎ ಭಾಗವನ್ನು ಓದುತ್ತಾರೆ. ಅಣಬೆಗಳ ಗುರುತಿಗೆ ಜಗತ್ತೆಲ್ಲ ಒಪ್ಪಿಕೊಂಡಿರುವ ಬಾರ್‌ಕೋಡ್ ಅದು. ಆದರೆ ಅದರಿಂದ ಎಲ್ಲವೂ ಬಗೆಹರಿಯುತ್ತದೆ ಎಂದುಕೊಳ್ಳಬೇಡಿ. ನನ್ನ ಮೇಜಿಗೆ ಬರುವ ಎಷ್ಟೋ ಕೊಳವೆಗಳ ಹಿಂದೆ ಒಣ ಮಾದರಿಯೂ ಇಲ್ಲ, ಚಿತ್ರವೂ ಇಲ್ಲ. ಅಕ್ಷರಗಳ ಸಾಲು ಸಿಗುತ್ತದೆ, ಅದು ಯಾವ ಅಣಬೆಯದು ಎಂದು ತಿರುಗಿ ನೋಡಲು ಏನೂ ಇರುವುದಿಲ್ಲ. ಕೊಳವೆಯ ಮೇಲೂ ಪೊಟ್ಟಣದ್ದೇ ಸಂಖ್ಯೆ ಬರೆಯಿರಿ. ಪೆನ್ನಿನಿಂದ ಬರೆದದ್ದನ್ನು ಆಲ್ಕೋಹಾಲ್ ಅಳಿಸುತ್ತದೆ. ಒಳಗೊಂದು ಪೆನ್ಸಿಲಿನ ಚೀಟಿಯೂ ಇರಲಿ.

---

ಜಾಡಿ ಮಾಸ್ತರರು ಉತ್ತರಿಸಿದ್ದು:

ಫಾರ್ಮಲಿನ್ ಜಾಡಿಗಳ ಬಗ್ಗೆ ಇಲ್ಲಿ ಎಲ್ಲರೂ ಮೂಗು ಮುರಿಯುವ ಲಕ್ಷಣ ಕಾಣುತ್ತಿದೆ. ನಾನೂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವನು. ಡೊಂಬ ಕುಣಿದಂತೆ ಒಂದೇ ಬೆಳಿಗ್ಗೆ ಎದ್ದು ಮಧ್ಯಾಹ್ನಕ್ಕೆ ಕುಸಿಯುವ ಜಾಲರಿಯ ಅಣಬೆಯನ್ನು, ಅದೇ ಫ್ಯಾಲಸ್ ಇಂಡುಸಿಯೇಟಸ್ ಅನ್ನು, ನಿಮ್ಮ ಯಂತ್ರದಲ್ಲಿ ಒಣಗಿಸಿ ತೋರಿಸಿ ನೋಡೋಣ. ಬೆಳಿಗ್ಗೆ ಕಾಗದಕ್ಕೆ ಅಂಟಿದ ಒಂದು ಕಲೆ ಸಿಗುತ್ತದೆ. ಜಾಡಿಯಲ್ಲಿಟ್ಟರೆ ಜಾಲರಿಯ ಕಣ್ಣುಗಳನ್ನು ವಿದ್ಯಾರ್ಥಿಗಳು ಇಪ್ಪತ್ತು ವರ್ಷ ಎಣಿಸಬಹುದು. ಪಾಠಕ್ಕೆ ಆಕಾರ ಬೇಕು ಸ್ವಾಮಿ, ಅಕ್ಷರಗಳ ಸಾಲಲ್ಲ.

---

ಹಳೆಯ ಪೊಟ್ಟಣ ಉತ್ತರಿಸಿದ್ದು:

ಮಾಸ್ತರರ ಮಾತಿನಲ್ಲಿ ಹುರುಳಿದೆ, ಜಗಳ ಕಾಯುವುದಿಲ್ಲ. ಜಾಲರಿಯ ಅಣಬೆ ಒಣಗಿಸುವವರ ಪಾಲಿನ ಶನಿ. ಅದರ ಜಾತಿಗೆ ನನ್ನ ಕ್ರಮ ಹೀಗೆ: ಇನ್ನೂ ಒಡೆಯದ ಮೊಟ್ಟೆಯಾಕಾರದ್ದನ್ನು ಹುಡುಕಿ ಉದ್ದಕ್ಕೆ ಎರಡು ಹೋಳು ಮಾಡುತ್ತೇನೆ. ಕತ್ತರಿಸಿದ ಮುಖದಲ್ಲಿ ಹೊರಪೊರೆ, ಲೋಳೆ, ಮಡಚಿಟ್ಟ ಕಾಂಡ, ಕಡುಹಸಿರು ಬೀಜಕಣದ ಪದರ, ಎಲ್ಲವೂ ಭೂಪಟದಂತೆ ಕಾಣುತ್ತವೆ. ಅದರ ಚಿತ್ರ ತೆಗೆದು ಒಂದು ಹೋಳು ಯಂತ್ರಕ್ಕೆ, ಇನ್ನೊಂದು ಶೇಕಡಾ 70ರ ಆಲ್ಕೋಹಾಲಿಗೆ. ಅರಳಿದ್ದನ್ನು ಕೆಳಗೆ ಮೇಣದ ಕಾಗದ ಹಾಸಿ ಒಣಗಿಸುತ್ತೇನೆ. ಬಂದಷ್ಟು ಬಂತು.

ಆದರೆ ಫಾರ್ಮಲಿನ್‌ಗೆ ನಾನು ಒಪ್ಪುವುದಿಲ್ಲ. ಅದು ಡಿಎನ್ಎಯನ್ನು ಹಾಳುಗೆಡವುತ್ತದೆ, ಬಣ್ಣವನ್ನು ತೊಳೆದುಹಾಕುತ್ತದೆ, ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಅದರ ಆವಿ ಕುಡಿಯುವುದು ಯಾರಿಗೂ ಬೇಡ. ತರಗತಿಯಲ್ಲಿ ತೋರಿಸುವ ಜಾಡಿ ಬೇರೆ, ಮುಂದಿನ ಪೀಳಿಗೆ ಬಿಚ್ಚಿ ಪರೀಕ್ಷಿಸಬೇಕಾದ ಮಾದರಿ ಬೇರೆ.

ಹಾಗೆಯೇ ನಾಫ್ತಲೀನ್ ಗುಳಿಗೆಯ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಗಾಳಿಯಾಡದ ಚೀಲ, ಫ್ರೀಜರ್, ತೇವ ಹೀರುವ ಯಂತ್ರವಿರುವ ಒಂದು ಪುಟ್ಟ ಕಪಾಟು, ಇಷ್ಟೇ ಸಾಕು. ಒಳಗೆ ತೇವಮಾಪಕ ಇಟ್ಟು ಶೇಕಡಾ 50ರ ಕೆಳಗಿದೆಯೇ ಎಂದು ಆಗಾಗ ನೋಡಿ. ಎಲ್ಲಾದರೂ ಹಳೆಯ ಹರ್ಬೇರಿಯಂ ಹಾಳೆಗಳನ್ನು ನೋಡುವ ಅವಕಾಶ ಸಿಕ್ಕರೆ ಕೈಗವಸು ಹಾಕಿಕೊಳ್ಳಿ. ಹಿಂದಿನವರು ಕೀಟ ಬೀಳದಿರಲೆಂದು ಪಾದರಸದ ಕ್ಲೋರೈಡ್ ಸವರುತ್ತಿದ್ದರು, ಆ ವಿಷ ಇನ್ನೂ ಅಲ್ಲಿಯೇ ಇರುತ್ತದೆ.

---

ಮಂಡಗದ್ದೆಯವಳು ಬರೆದದ್ದು:

ಎಲ್ಲರಿಗೂ ಧನ್ಯವಾದ. ಹುಲ್ಲುಹಾಸಿನ ಬಿಳಿ ಕೊಡೆಯ ಅಚ್ಚು ತೆಗೆದೆ, ಹಸಿರು ಬಂತು! ಎದುರುಮನೆಯ ಅಜ್ಜಿಯನ್ನೂ ಕರೆದು ತೋರಿಸಿದೆ. ಮೊದಲ ಚೀಟಿಯನ್ನು ಹೀಗೆ ಬರೆದಿದ್ದೇನೆ, ತಿದ್ದಿ:

‘ಸಂಖ್ಯೆ 1. ಕ್ಲೋರೊಫಿಲಮ್ ಮಾಲಿಬ್ಡೈಟಿಸ್. ಹವಾಯಿ ದ್ವೀಪ, ಹಿಲೋ, ಮನೆಯ ಮುಂದಿನ ಹುಲ್ಲು. ಮಳೆಯ ಮರುದಿನ. ಟೋಪಿ 17 ಸೆಂ.ಮೀ., ಬಿಳಿ, ನಡುವೆ ಕಂದು ಹೊಪ್ಪಳೆ. ಕಾಂಡಕ್ಕೆ ಉಂಗುರವಿದೆ, ಮೇಲೆ ಕೆಳಗೆ ಜಾರುತ್ತದೆ. ಬೀಜಕಣದ ಅಚ್ಚು ಮಾಸಲು ಹಸಿರು.’

ಇನ್ನೆರಡು ಅನುಮಾನಗಳಿವೆ. ಅಣಬೆಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಗೊಂಡೆಹುಳುಗಳಿಂದ ಕಾಯಿಲೆ ಬರುತ್ತದೆ ಎಂದು ಅದೇ ಅಜ್ಜಿ ಹೆದರಿಸಿದರು. ನಿಜವೇ? ಗುರುಗಳಿಗೆ ಕಳುಹಿಸುವ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ರಾತ್ರಿ ಬರೆಯಲು ಕುಳಿತರೆ ಕೋಕಿ ಕಪ್ಪೆಗಳ ಕೂಗಿಗೆ ಕಿವಿ ತೂತು ಬೀಳುತ್ತದೆ. ಅದಕ್ಕೇನಾದರೂ ಉಪಾಯವಿದ್ದರೆ ಅದನ್ನೂ ಹೇಳಿ.

---

ಹಳೆಯ ಪೊಟ್ಟಣ ಉತ್ತರಿಸಿದ್ದು:

ಅಜ್ಜಿಯ ಮಾತಿನಲ್ಲಿ ನಿಜವಿದೆ. ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಆಂಜಿಯೊಸ್ಟ್ರಾಂಗೈಲಸ್ ಎಂಬ ಹುಳುವಿನ ಮರಿಗಳು ಗೊಂಡೆಹುಳು, ಬಸವನಹುಳುಗಳ ಮೈಯಲ್ಲಿರುತ್ತವೆ. ಅವು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ತರುತ್ತವೆ. ಹವಾಯಿಯಲ್ಲಿ ಹೆಚ್ಚಿನ ಪ್ರಕರಣಗಳು ನಿಮ್ಮ ದ್ವೀಪದಲ್ಲಿಯೇ. ಗೊಂಡೆಹುಳುಗಳಿಗೆ ಅಣಬೆ ಮೃಷ್ಟಾನ್ನ, ಕಿವಿರಿನ ಸಂದಿಯಲ್ಲಿ ಸಾಸಿವೆ ಗಾತ್ರದ ಮರಿಗಳೂ ಇರುತ್ತವೆ. ಮುಟ್ಟಿದ ಮಾತ್ರಕ್ಕೆ ಏನೂ ಆಗುವುದಿಲ್ಲ, ಆದರೆ ಕೈಗವಸು ಹಾಕಿ, ಕೆಲಸ ಮುಗಿದ ಮೇಲೆ ಸೋಪಿನಿಂದ ತೊಳೆಯಿರಿ, ಅಣಬೆಯ ಹಲಗೆ, ಚಾಕು ಅಡುಗೆಯವುಗಳೊಂದಿಗೆ ಬೆರೆಯದಿರಲಿ. ಕೆಲವು ಪುಸ್ತಕಗಳಲ್ಲಿ ‘ರುಚಿ ನೋಡಿ ಉಗಿಯಿರಿ’ ಎಂದಿರುತ್ತದೆ. ಹಿಲೋದಲ್ಲಿ ಆ ಸಾಲನ್ನು ಹಾರಿಸಿ ಓದಿ.

ಚೀಟಿ ಮೊದಲ ಸಲಕ್ಕೆ ತುಂಬಾ ಚೆನ್ನಾಗಿದೆ. ಜಾರುವ ಉಂಗುರವನ್ನು ಗಮನಿಸಿದ್ದಕ್ಕೆ ಶಹಭಾಸ್. ‘ಮಳೆಯ ಮರುದಿನ’ ಎಂದರೆ ಹಿಲೋದಲ್ಲಿ ಯಾವ ದಿನವೂ ಆಗಬಹುದು, ದಿನಾಂಕ ಬರೆಯಿರಿ. ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ನಿಮ್ಮ ಹೆಸರು ಬೇಕು. ಅಣಬೆಯ ಹೆಸರನ್ನು ಬೇರೆ ಚೀಟಿಯಲ್ಲಿ, ಗುರುತಿಸಿದವರ ಹೆಸರು ಮತ್ತು ವರ್ಷದೊಂದಿಗೆ ಬರೆಯಿರಿ; ನಾಳೆ ಯಾರಾದರೂ ಹೆಸರು ಬದಲಿಸಿದರೆ ಹಳೆಯದನ್ನು ತೆಗೆಯದೆ ಮೇಲೆ ಹೊಸದನ್ನು ಅಂಟಿಸುತ್ತಾರೆ. ಸಂಖ್ಯೆಯ ಸರಣಿ ಬದುಕಿನುದ್ದಕ್ಕೂ ಒಂದೇ ಇರಲಿ. ವರ್ಷ ಬದಲಾಯಿತು, ಊರು ಬದಲಾಯಿತು ಎಂದು ಮತ್ತೆ 1ರಿಂದ ಶುರುಮಾಡಬೇಡಿ. ಹರ್ಬೇರಿಯಂಗೆ ಹೋಗುವ ಚೀಟಿ ಇಂಗ್ಲಿಷಿನಲ್ಲಿರಲಿ, ಟಿಪ್ಪಣಿ ಪುಸ್ತಕ ಕನ್ನಡದಲ್ಲಿರಲಿ. ವಾಸನೆಗಳಿಗೆ ನಮ್ಮಲ್ಲಿರುವಷ್ಟು ಪದಗಳು ಬೇರೆಲ್ಲಿವೆ? ‘ಕಮಟು’ ಎಂದು ಬರೆದರೆ ನಿಮಗಂತೂ ತಿಳಿಯುತ್ತದೆ.

ಸುತ್ತಲಿನ ಮರಗಳ ಹೆಸರನ್ನೂ ಬರೆಯುವುದನ್ನು ರೂಢಿ ಮಾಡಿಕೊಳ್ಳಿ. ಹವಾಯಿಯಲ್ಲಿ ಇದಕ್ಕೆ ವಿಶೇಷ ಬೆಲೆಯಿದೆ. ಅಲ್ಲಿಯ ಸ್ವಂತ ಮರಗಳಾದ ಓಹಿಅ, ಕೋವಗಳ ಬೇರಿಗೆ, ಸಾಮಾನ್ಯವಾಗಿ ಮರದ ಬೇರಿನೊಂದಿಗೇ ಬದುಕುವ ಅಮನೀಟದಂಥ ಅಣಬೆಗಳು ಜೊತೆಯಾಗುವುದಿಲ್ಲ. ಆದ್ದರಿಂದ ಅಮನೀಟ ಕಂಡರೆ ತಲೆಯೆತ್ತಿ ನೋಡಿ, ಹತ್ತಿರದಲ್ಲಿಯೇ ನೀಲಗಿರಿಯೋ ಪೈನೋ ಇರುತ್ತದೆ. ಆಸ್ಟ್ರೇಲಿಯದ ಅಮನೀಟ ಮಾರ್ಮೊರೇಟ ಅಲ್ಲಿಗೆ ಬಂದದ್ದು ನೀಲಗಿರಿಯ ಬೆನ್ನುಹತ್ತಿ. ನಿಮ್ಮ ಗಾಳಿಮರದ ಕೆಳಗಿನ ಹುಡಿಯ ಗಡ್ಡೆ ಪಿಸೊಲಿಥಸ್ ಇರಬೇಕು, ಅದೂ ಮರದೊಂದಿಗೆ ಬಂದ ಅತಿಥಿ. ಯಾವ ಮರದಡಿ ಸಿಕ್ಕಿತು ಎಂದು ಬರೆಯದಿದ್ದರೆ ಮನೆಯವರು ಯಾರು, ನೆಂಟರು ಯಾರು ಎಂದು ಹೇಳಲಾಗುವುದಿಲ್ಲ.

ಈಗ ಅಂಚೆಯ ವಿಷಯ. ಲಕೋಟೆಯಲ್ಲಿಟ್ಟು ಊರಿಗೆ ಕಳುಹಿಸಬೇಡಿ. ಒಣಗಿದ ಅಣಬೆಯ ಬೀಜಕಣ ಸತ್ತಿದೆಯೆಂದು ಭರವಸೆಯಿಲ್ಲ, ಮಣ್ಣು ಮತ್ತು ಸೂಕ್ಷ್ಮಜೀವಿಗಳ ಆಮದಿಗೆ ಭಾರತದ 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶ ಅಡ್ಡ ಬರುತ್ತದೆ. ಮಾದರಿ ಬೆಳೆದ ನೆಲದ ಸಂಗ್ರಹಾಲಯದಲ್ಲಿ ಇರುವುದೇ ನ್ಯಾಯ ಎಂದೂ ನನಗೆ ಅನಿಸುತ್ತದೆ. ವಿಲ್ಕ್ಸ್ ಮುಂದಾಳಾಗಿ 1838ರಿಂದ 1842ರವರೆಗೆ ನಡೆದ ಅಮೆರಿಕದ ಯಾನದ ಕಾಲದಿಂದಲೂ ಪೆಸಿಫಿಕ್‌ನ ಅಣಬೆಗಳು ಹಡಗು ಹತ್ತಿ ದೂರ ಹೋಗಿವೆ. ದ್ವೀಪದ ಹುಡುಗನೊಬ್ಬ ತನ್ನ ಊರಿನ ಅಣಬೆ ನೋಡಲು ಸಾಗರ ದಾಟಬೇಕಾದ ಸ್ಥಿತಿ ಸುವಾದಲ್ಲಿ ನನಗೆ ಎದುರಾಗಿದೆ. ಫಿಜಿ ಈಗ ಜೀವಸಂಪತ್ತಿನ ಬಳಕೆಯ ಬಗೆಗಿನ ನಗೋಯ ಒಪ್ಪಂದದಲ್ಲಿದೆ. 2014ರಲ್ಲಿ ಜಾರಿಗೆ ಬಂದ ಅದರ ಪ್ರಕಾರ ಕೇಳದೆ ಒಯ್ಯುವಂತಿಲ್ಲ. ಅಮೆರಿಕ ಅದರಲ್ಲಿಲ್ಲ, ಆದರೂ ಮರ್ಯಾದೆ ಎಂಬುದಿದೆಯಲ್ಲ.

ಗುರುಗಳಿಗೆ ಚಿತ್ರ, ಅಳತೆ, ಸೂಕ್ಷ್ಮದರ್ಶಕದ ಚಿತ್ರಗಳನ್ನು ಕಳುಹಿಸಿ. ಮಾದರಿಯೇ ಬೇಕೆಂದರೆ ಹರ್ಬೇರಿಯಂನಿಂದ ಹರ್ಬೇರಿಯಂಗೆ ಕಾಗದಪತ್ರಗಳೊಂದಿಗೆ ಎರವಲು ಹೋಗುವ ಪದ್ಧತಿಯಿದೆ, ಅವರ ಸಂಸ್ಥೆಯೇ ಕೇಳಲಿ. ನಿಮ್ಮ ಸಂಗ್ರಹಕ್ಕೆ ಹೊನೊಲುಲುವಿನ ಬಿಷಪ್ ಮ್ಯೂಸಿಯಂನ ಹರ್ಬೇರಿಯಂ ಇದೆ. ಕಳುಹಿಸುವ ಮೊದಲು ಪಟ್ಟಿಯನ್ನು ಕೊಟ್ಟು, ಯಾವುದು ಬೇಕು ಎಂದು ಕೇಳಿ. ಒಂದು ಸೂಕ್ಷ್ಮವಿದೆ: ಹೊನೊಲುಲು ಬೇರೆ ದ್ವೀಪ. ಓಹಿಅ ಮರದ ಕಟ್ಟಿಗೆ, ಮಣ್ಣು ನಿಮ್ಮ ದ್ವೀಪ ಬಿಟ್ಟು ಹೋಗದಂತೆ ಸಂಗರೋಧದ ನಿಯಮವಿದೆ. ಮರದ ಅಣಬೆಯ ಬೆನ್ನಿಗೆ ಓಹಿಅ ತೊಗಟೆಯ ಚೂರು ಅಂಟಿದ್ದರೆ ಕೃಷಿ ಇಲಾಖೆಯನ್ನು ಕೇಳದೆ ಆ ಪೊಟ್ಟಣವನ್ನು ಅಂಚೆಗೆ ಹಾಕಬೇಡಿ.

ಕೋಕಿ ಕಪ್ಪೆಗೆ ಮದ್ದಿಲ್ಲ. ಕಿಟಕಿ ಮುಚ್ಚಿ, ಒಣಗಿಸುವ ಯಂತ್ರದ ಪಕ್ಕ ಕುಳಿತು ಬರೆಯಿರಿ, ಫ್ಯಾನಿನ ಸದ್ದಿಗೆ ಸ್ವಲ್ಪ ಅಡಗುತ್ತದೆ.

---

ಜೆಲ್ ಪಟ್ಟಿ ಉತ್ತರಿಸಿದ್ದು:

ಗುಲಾಬಿ ಬಣ್ಣದ್ದು ಅನುಮತಿ ಸಿಕ್ಕ ಮೇಲೆ ಮತ್ತೆ ಕಂಡರೆ, ಕತ್ತರಿಸುವ ಮೊದಲು ಕಿವಿರಿನ ಕಡೆಯಿಂದಲೂ ಒಂದು ಚಿತ್ರ ತೆಗೆದು ಇಲ್ಲಿ ಹಾಕಿ. ಎಲ್ಲರೂ ಮೇಲಿನಿಂದಲೇ ತೆಗೆಯುತ್ತಾರೆ.